ಹೋರಿಯ ಎದುರಿನ ಕುರ್ಚಿ

ನಿವೃತ್ತನಾದ ಪಿ.ಟಿ. ಮಾಸ್ತರನಷ್ಟು ಕೆಲಸಕ್ಕೆ ಬಾರದ ಪ್ರಾಣಿ ಇನ್ನೊಂದಿಲ್ಲ ಎಂದು ನನಗೆ ಖಾತ್ರಿಯಾಗಿದೆ. ಗಣಿತದ ಮಾಸ್ತರರಾದರೆ ಮನೆಪಾಠ ಹೇಳಬಹುದು. ನಾನು ಮನೆಯಲ್ಲಿ ಕುಳಿತು ಸೀಟಿ ಊದಿದರೆ ಯಾರು ಸಾಲಾಗಿ ನಿಲ್ಲುತ್ತಾರೆ? ಹಾನಗಲ್ಲಿನ ಮೈದಾನದಲ್ಲಿ ಮೂವತ್ತು ವರ್ಷ ಒಂದೇ ಸೀಟಿಗೆ ಇಡೀ ಶಾಲೆಯನ್ನು ನಿಲ್ಲಿಸಿದವನು ನಾನು. ಈಗ ಮನೆಯಲ್ಲಿ ಸೀಟಿ ಹೊಡೆಯುವುದು ಕುಕ್ಕರ್ ಮಾತ್ರ. ಅದನ್ನೂ ನಾನೇ ಇಡಬೇಕು. ಹೆಂಡತಿ ಶಾಂತಾ ತೀರಿಕೊಂಡು ಎರಡು ವರ್ಷವಾಯಿತು.

ಹೊತ್ತು ಹೋಗದೆ ದೂರಶಿಕ್ಷಣದಲ್ಲಿ ಆಪ್ತಸಲಹೆಯ ಕೋರ್ಸು ಮುಗಿಸಿದೆ. ಪಡಸಾಲೆಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿ, ಹೊರಗೆ ‘ಆಟಗಾರರಿಗೆ ಮನೋಬಲದ ಸಲಹೆ’ ಎಂಬ ಬೋರ್ಡು ತೂಗುಬಿಟ್ಟೆ. ಬಂದವರ ಗುಟ್ಟು ಹೊರಗೆ ಕೇಳಬಾರದು ಎಂದು ಪುಸ್ತಕ ಹೇಳಿತ್ತು. ಆದರೆ ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕಿಕೊಂಡರೆ “ಸರಗ ಏನಾತ್ರಿ?” ಎಂದು ನಾಲ್ಕು ಮನೆಯವರು ಬಂದು ಬಡಿಯುತ್ತಾರೆ. ಬಂದ ಒಬ್ಬನೇ ಒಬ್ಬ ಕಬಡ್ಡಿ ಆಟಗಾರ ಇಡೀ ತಂಡವನ್ನೇ ಕರೆತಂದಿದ್ದ. ಎಲ್ಲರೂ ಚಹಾ ಕುಡಿದು, “ಮನಸ್ಸು ಆರಾಮೈತ್ರಿ ಸರ, ಮೊಣಕಾಲ ಅಷ್ಟ ನೋವು” ಎಂದು ಎದ್ದು ಹೋದರು. ಆಮೇಲೆ ನಾಲ್ಕು ತಿಂಗಳು ಎದುರಿನ ಕುರ್ಚಿ ಖಾಲಿ. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ಗಿರಾಕಿಯಲ್ಲ, ಅಲ್ಲಿ ಕೂರುವ ಒಂದು ಜೀವ.

ಕೊನೆಗೆ ಬಂದವನು ಆಡೂರಿನ ಬಸಣ್ಣ. ನನ್ನ ಹಳೆಯ ವಿದ್ಯಾರ್ಥಿ, ಈಗ ತಲೆ ನರೆತ ರೈತ. “ಸರ, ನಮ್ಮ ಹೋರಿ ಅಂಜಾಕತ್ತೈತ್ರಿ,” ಎಂದ. ನಮ್ಮ ಕಡೆ ದೀಪಾವಳಿ ಬಂತೆಂದರೆ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಕೊಬ್ಬರಿ ಯಾರ ಕೈಗೂ ಸಿಗದಂತೆ ದಾಟಿದರೆ ಅದು ಗೆದ್ದಂತೆ. ಹೋದ ಸಲ ಬಸಣ್ಣನ ಹೋರಿ ಅಖಾಡದ ನಡುವೆ ಸುಮ್ಮನೆ ನಿಂತುಬಿಟ್ಟಿತಂತೆ. “ನಾ ಮಂದಿಗಷ್ಟ ಸಲಹಾ ಕೊಡತೇನಿ, ಬಸಣ್ಣ,” ಎಂದೆ. “ನಮ್ಮ ಮನ್ಯಾಗ ಆಟಗಾರ ಅಂದ್ರ ಅದೊಂದರಿ ಸರ,” ಎಂದ. ಬೇರೆ ಕೆಲಸವಿದ್ದಿದ್ದರೆ ಒಲ್ಲೆ ಎನ್ನುತ್ತಿದ್ದೆ. ಮರುದಿನವೇ ಆಡೂರಿನ ಬಸ್ಸು ಹತ್ತಿದೆ.

ಕೊಟ್ಟಿಗೆಯಲ್ಲಿ ಹೋರಿ ನನ್ನನ್ನು ಮೂಸಿ ನೋಡಿ ಹಿಂದೆ ಸರಿಯಿತು. “ದಿನಾ ಒಂದ ತಾಸು ಇದರ ಮುಂದ ಕುಂತು ಮೆಲ್ಲಕ ಮಾತಾಡು. ಅಂಜಿಕಿ ಹೋಗತೈತಿ,” ಎಂದೆ. “ಏನ್ ಮಾತಾಡ್ಲಿರಿ?” ಎಂದ. “ಮನಸ್ಸಿಗೆ ಬಂದದ್ದು. ನೋಡು, ಹಿಂಗ,” ಎಂದು ಬಕೆಟ್ ಮಗುಚಿ ಹಾಕಿ ಕುಳಿತೆ. ಮೊದಲು ಮಳೆ ಬೆಳೆಯ ಮಾತಾಡಿದೆ. ಆಮೇಲೆ ಹೇಗೋ ಶಾಂತಾಳ ಮಾತು ಬಂತು. ತಂಡ ಸೋತ ದಿನ ನಾನು ಬೂಟು ಎಸೆದು ಕೂಗಾಡುತ್ತಿದ್ದರೆ ಆಕೆ ತಾಟು ಇಟ್ಟು, “ಸೋತವ್ರಿಗೆ ಹಸಿವು ಇರೂದಿಲ್ಲೇನು? ಉಣ್ಣಾಕ ಬರ್ರಿ,” ಎನ್ನುತ್ತಿದ್ದಳು. ಕೋರ್ಸಿನ ಅಷ್ಟೂ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಸಲಹೆ ಸಿಗಲಿಲ್ಲ. ಈಗಲೂ ಬೆಳಿಗ್ಗೆ ಎರಡು ಕಪ್ ಚಹಾ ಮಾಡುತ್ತೇನೆ, ಎರಡನೆಯದನ್ನೂ ನಾನೇ ಕುಡಿಯುತ್ತೇನೆ, ಪಿತ್ತವಾಗುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೋರಿಗೆ ಹೇಳಿದೆ. ಅದು ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿತು. ನನಗೆ ಕೋರ್ಸಿನಲ್ಲಿ ಅಂಕ ಕಡಿಮೆಯಾದದ್ದು ಇದೇ ವಿಷಯದಲ್ಲಿ. ತಿರುಗಿ ನೋಡಿದರೆ ಬಸಣ್ಣ ಮೇವಿನ ಹೊರೆ ಹಿಡಿದು ನಿಂತೇ ಇದ್ದ. ಕೊನೆಯ ಬಸ್ಸು ಹೋಗಿತ್ತು.

ಅಲ್ಲಿಂದ ಪ್ರತಿ ಗುರುವಾರ ಹೋದೆ. ಈ ಸಲದ ಹಬ್ಬದಲ್ಲಿ ಹೋರಿ ಒಂದು ಚೂರು ಕೊಬ್ಬರಿಯನ್ನೂ ಬಿಟ್ಟುಕೊಡದೆ ದಾಟಿತು. ಖುಷಿಗೆ ಜೇಬಿನ ಸೀಟಿ ತೆಗೆದು ಊದಿದೆ. ಊದಿದ ಮೇಲೆ ಹೊಳೆಯಿತು, ಹೋರಿ ಗುಣವಾಗಿಬಿಟ್ಟಿತ್ತು. ಗುಣವಾದವರನ್ನು ಕಳಿಸಿಕೊಡಬೇಕು, ಸುಮ್ಮನೆ ಹಿಡಿದಿಟ್ಟುಕೊಳ್ಳಬಾರದು ಎಂದು ಪುಸ್ತಕದಲ್ಲಿದೆ; ಪರೀಕ್ಷೆಯಲ್ಲಿ ಅದರ ಮೇಲೆ ಎರಡು ಪುಟ ಬರೆದವನು ನಾನು. “ಇನ್ನ ನೀವು ಬರೂದಿಲ್ಲೇನ್ರಿ ಸರ?” ಎಂದು ಬಸಣ್ಣ ಕೇಳಿದ. ಹೋರಿ ನಿಶ್ಚಿಂತೆಯಿಂದ ಮೇಯುತ್ತಿತ್ತು. “ಪೂರಾ ಆರಾಮಾಗಿಲ್ಲ. ಇನ್ನೂ ಸ್ವಲ್ಪ ದಿನ ಬೇಕು,” ಎಂದೆ. ಬಸಣ್ಣ ನಗಲಿಲ್ಲ. “ನನಗೂ ಹಂಗ ಅನಸ್ತೈತ್ರಿ,” ಎಂದ.

ಮುಂದಿನ ಗುರುವಾರ ಹೋದಾಗ ಬಕೆಟ್ಟಿನ ಜಾಗದಲ್ಲಿ ಒಂದು ಕುರ್ಚಿ ಇತ್ತು. ಎದುರಿಗೆ ಸಲಹೆಗಾರರು ಮೆಲುಕು ಹಾಕುತ್ತಾ ನನ್ನ ದಾರಿ ಕಾಯುತ್ತಿದ್ದರು.