ಗಡುವು ದಾಟಿದ ಲಗ್ನಪತ್ರಿಕೆ

ನನಗೊಂದು ಕೆಟ್ಟ ಚಾಳಿ. ಯಾರಾದರೂ ಕೆಲಸ ಹೇಳಿದರೆ ಕೆಲಸ ಬಿಟ್ಟು, ಅವರಾಡಿದ ಮಾತಿನ ಬೇರು ಹುಡುಕಿಕೊಂಡು ಹೋಗುತ್ತೇನೆ. ತರೀಕೆರೆಯ ಪುಟ್ಟ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನಿಗೆ ಇದು ಇರಬಾರದ ಚಾಳಿ. ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜಂಪುರದ ಹೆಡ್‌ಮಾಸ್ಟರೊಬ್ಬರು ಮಗಳ ಲಗ್ನಪತ್ರಿಕೆಯ ಬರಹವನ್ನು ಮೂಲೆಗಳಿಗೆ ಅರಿಶಿನ ಹಚ್ಚಿ ತಂದುಕೊಟ್ಟರು. "ಸೋಮವಾರ ಡೆಡ್‌ಲೈನ್ ಕಣಯ್ಯ. ಮೊದಲನೇ ಪತ್ರಿಕೆ ದೇವನೂರಿನ ನಮ್ಮಕ್ಕಂಗೆ ಹೋಗ್ಬೇಕು. ತಡ ಆದ್ರೆ ಮದುವೆಗೇ ಬರಲ್ಲ" ಎಂದರು. ಅಕ್ಕ ತಮ್ಮನ ನಡುವಿನ ಎಷ್ಟೋ ವರ್ಷದ ಮುನಿಸು ಆಗಷ್ಟೇ ತಣ್ಣಗಾಗಿತ್ತು.

ನನ್ನ ತಲೆಗೆ ಹೊಕ್ಕಿದ್ದು ಮಾತ್ರ ಆ ಇಂಗ್ಲಿಷ್ ಪದ. ಶುಭಕಾರ್ಯದ ಕಾಗದ ಕೊಡುತ್ತ ಸಾವಿನ ಗೆರೆ ಅನ್ನುತ್ತಾರಲ್ಲ, ಸತ್ತವರು ಯಾರು? ನಮ್ಮಲ್ಲಿ ಗಡುವು ಇತ್ತು, ವಾಯಿದೆ ಇತ್ತು. ಅಮಲ್ದಾರರು ಕೊಟ್ಟ ವಾಯಿದೆ ಮೀರಿದರೆ ಕೈಮುಗಿದು ಇನ್ನೊಂದು ಕೇಳಬಹುದಿತ್ತು. ಅದರಿಂದ ಯಾರೂ ಸಾಯುತ್ತಿರಲಿಲ್ಲ. ತಡೆಯಲಾರದೆ ಸೋಮವಾರ ಬೆಳಿಗ್ಗೆಯೇ ಕಡೂರಿನ ಬಸ್ಸು ಹತ್ತಿ ಲೈಬ್ರರಿಯ ದಪ್ಪ ನಿಘಂಟು ತೆರೆದೆ. ಅಮೆರಿಕದವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡ ಯುದ್ಧದಲ್ಲಿ ಸೆರೆಯಾಳುಗಳ ಸುತ್ತ ಒಂದು ಗೆರೆ ಗುರುತು ಮಾಡುತ್ತಿದ್ದರಂತೆ. ದಾಟಿದವನಿಗೆ ಗುಂಡು. ಆ ಗೆರೆಯೇ ಡೆಡ್‌ಲೈನ್. ಎಂಥ ಸಂತೋಷವಾಯಿತು ಅಂತೀರಿ! ಆ ಸಂತೋಷದಲ್ಲೇ ತರೀಕೆರೆಗೆ ವಾಪಸಾದಾಗ ಸಂಜೆಯಾಗಿ ಪ್ರೆಸ್ಸಿಗೆ ಬೀಗ ಬಿದ್ದಿತ್ತು. ಆಮೇಲೆರಡು ದಿನ ಕರೆಂಟಿಲ್ಲ. ಪತ್ರಿಕೆ ಅಚ್ಚಾದದ್ದು ಗುರುವಾರ, ಮದುವೆಗೆ ಉಳಿದದ್ದು ನಾಲ್ಕೇ ದಿನ.

ಹೆಡ್‌ಮಾಸ್ಟರು ಬೈಯಲಿಲ್ಲ. ಅಕ್ಕನಿಗೆ ತೋರಿಸಲು ತಮಗೆ ಮುಖವಿಲ್ಲ, ನೀನೇ ಹೋಗಿ ಇದ್ದದ್ದು ಹೇಳು ಎಂದು ಕುಂಕುಮದ ಬಟ್ಟಲನ್ನು ಕೈಗಿತ್ತರು. ಬೈದಿದ್ದರೇ ಚೆನ್ನಾಗಿತ್ತು. ಶುಕ್ರವಾರ ದೇವನೂರಿನಲ್ಲಿ ಅವರಕ್ಕನ ಮನೆಯ ಜಗಲಿಯ ಮೇಲೆ ಕೂತು ಪತ್ರಿಕೆ ಮುಂದಿಟ್ಟೆ.

"ಊರೋರ್ನೆಲ್ಲ ಕರೆದಾದ್ಮೇಲೆ ನನ್ನ ನೆಪ್ಪಾಯ್ತೇನಪ್ಪಾ ನಮ್ಮ ತಮ್ಮಂಗೆ?" ಎಂದರು ಆ ಅಕ್ಕ, ಪತ್ರಿಕೆ ಮುಟ್ಟದೆ.

ನಿಘಂಟು, ಸೆರೆಮನೆ, ಗುಂಡು, ಎಲ್ಲ ಒಪ್ಪಿಸಿದೆ. ಅವರು ಆಸಕ್ತಿಯಿಂದಲೇ ಕೇಳಿಸಿಕೊಂಡು, ಗುಂಡು ಹೊಡೆಯುತ್ತಿದ್ದದ್ದು ಗೆರೆ ಹಾಕಿದವರಿಗೋ ದಾಟಿದವರಿಗೋ ಎಂದು ವಿಚಾರಿಸಿದರು. ದಾಟಿದವರಿಗೆ ಎಂದೆ.

"ದಾಟ್ದೋನು ನೀನು. ನಮ್ಮ ತಮ್ಮನ ಮೇಲೆ ನಾನ್ಯಾಕೆ ಮುನಿಸ್ಕೊಳ್ಲಿ?" ಎಂದು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡರು. ನನಗೆ ಅಳುವೇ ಬಂತು.

ಮದುವೆಗೆ ಎಲ್ಲರಿಗಿಂತ ಮುಂಚೆ ಬಂದವರು ಅವರೇ. ಬಂದವರು, ಸಿಕ್ಕಸಿಕ್ಕವರಿಗೆಲ್ಲ ನನ್ನತ್ತ ಬೊಟ್ಟುಮಾಡಿ ಅಮೆರಿಕದ ಯುದ್ಧವನ್ನು ವರ್ಣಿಸಿದರು. ಗುಂಡೇಟೇ ವಾಸಿ ಅನ್ನಿಸಿತು. ಆದರೂ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತೆ. ಆ ಒಂದು ವಿಷಯದಲ್ಲಿ ನಾನು ಈವರೆಗೆ ಗೆರೆ ದಾಟಿದವನಲ್ಲ.