ನಡುವ ಇಳಿಯೂ ಬಟನ್ ಇಲ್ಲ

ಕುದುರಿ ಸಾಕ್ಷಿ

ಗದಗ ಹೊಸದಾಗಿ ಜಿಲ್ಲಾ ಆದಾಗ ದೂರದಿಂದ ವರ್ಗಾ ಆಗಿ ಬಂದ ಸಾಹೇಬ್ರೊಬ್ಬರಿಗೆ ಊರು ತೋರಿಸಿದಂವ ನಾನಽ. ಆಗ ನನ್ನದು ಟಾಂಗಾ. ಸ್ಟೇಷನ್‌ದಾಗ ಹತ್ತಿಸಿಕೊಂಡು ಭೀಷ್ಮ ಕೆರಿ, ವೀರನಾರಾಯಣ ಗುಡಿ, ತ್ರಿಕೂಟೇಶ್ವರ, ಬೆಟಗೇರಿ ನೇಕಾರ ಓಣಿ, ಒಂದೂ ಬಿಡಲಿಲ್ಲ. ಸಾಹೇಬ್ರು ಕಡೀತನಕ ಹೂಂ ಅನ್ನದ ಊಹೂಂ ಅನ್ನದ ಕೇಳಿದ್ರು. ಅವರು ಈಗ ಎಲ್ಲಿದ್ದಾರೋ. ಕುದುರಿ ಸಾಕ್ಷಿ ಹೇಳತಿತ್ತು, ಅದು ಸತ್ತು ಭಾಳ ದಿವಸ ಆತು. ಅವತ್ತಿನಿಂದ ಹೊಸಬರಿಗೆ ದಾರಿ ತೋರಸೂ ಕೆಲಸ ಎಲ್ಲಿದ್ದರೂ ನನ್ನ ಹುಡಿಕ್ಕೊಂಡು ಬರತೈತಿ.

ಹದಿನಾಲ್ಕು ಚೀಟಿ

ಬಾಜೂ ಮನಿ ದರ್ಜಿ ಮಗಳು ಕಂಪ್ಯೂಟರ್ ಕಲಿತಾಕಿ. ಇಂಟರ್ನೆಟ್ ತೆಗಿಯೂ ಬ್ರೌಸರ್ ಐತೆಲ್ಲ, ಅದಕ್ಕ ಅಂಟಿಸೂ ಒಂದು ಎಕ್ಸ್‌ಟೆನ್ಶನ್ ಮಾಡ್ಯಾಳ. ಕಂಪ್ಯೂಟರ್ ತೆರಿ ಮ್ಯಾಲಿನ ಕನ್ನಡಾನ ಅದು ಗಟ್ಟಿಯಾಗಿ ಓದಿ ಹೇಳತೈತಿ, ನನ್ನಂಥಾ ಓದು ಬರದವ್ರಿಗೆ. ಆದ್ರ ಹೊಸಬರು ಎಲ್ಲಿ ಒತ್ತಬೇಕು ತಿಳೀದ ಅದನ್ನ ತೆಗದು ಒಗೀತಿದ್ರು.

"ಕಾಕಾ, ಮೊದಲ ಸಲ ಬಂದವ್ರಿಗೆ ದಾರಿ ತೋರಸೂ ಚೀಟಿ ಮಾಡಬೇಕು. ಒಂದರ ಹಿಂದ ಒಂದು ತೆರಿ ಮ್ಯಾಲ ಮೂಡಿ ತಾವಽ ಮಾತಾಡತಾವು. ನಾಲ್ಕು ಸಾಕಲ್ಲ?"

"ನಾಲ್ಕರಾಗ ಯಾವ ಊರು ಮುಗೀತೈತಿ? ಹದಿನಾಲ್ಕು ಹಾಕು. ಮೊದಲನೇದರಾಗ ಬರ್ರಿ, ಕುಂಡ್ರಿ ಅನ್ನು. ಎರಡನೇದರಾಗ ಯಾವ ಊರಾತ್ರಿ ಅಂತ ಕೇಳು. ಮೂರನೇದರಾಗ ಚಾ ಆತೇನ್ರಿ ಅನ್ನು."

"ಓದೂ ಬಟನ್ ಎಲ್ಲೈತಿ ಅಂತ ಯಾವಾಗ ಹೇಳೂದು?"

"ಹನ್ನೊಂದನೇದರಾಗ. ಬಂದ ಕೂಡ್ಲೇ ಕೆಲಸಕ್ಕ ಹಚ್ಚತಾರೇನು ಬೀಗರನ್ನ?"

ವೈರ್ ಕಿತ್ತಾಂವ

ಬ್ಯಾಸರಾದವ್ರಿಗೆ ನಡುವ ಬಿಟ್ಟು ಹೋಗಾಕ ಒಂದು ಬಟನ್ ಇಡ್ತೀನಿ ಅಂದ್ಲು. ನಾನು ಒಪ್ಪಲಿಲ್ಲ.

"ನನ್ನ ಟಾಂಗಾದಾಗಿಂದ ಒಬ್ಬಾಂವರ ನಡುವ ಇಳದಿಲ್ಲ. ಓದು ಬರದವ್ರ ತ್ರಾಸು ನಿನಗ ಗೊತ್ತೋ, ನನಗ ಗೊತ್ತೋ?"

ಬಟನ್ ಬಿಟ್ಟಽ ಚೀಟಿ ಮಾಡಿದ್ಲು.

ಅಂಗಿ ಹೊಲಿಸಾಕ ಬಂದ ಲಕ್ಷ್ಮೇಶ್ವರದ ವ್ಯಾಪಾರಿಯೊಬ್ಬನ್ನ ಕುಂಡ್ರಿಸಿದ್ವಿ. ಅವನಿಗೆ ಬೇಕಾದದ್ದು ಮಳಿ ಖಬರ ಅಷ್ಟಽ. ಆರನೇ ಚೀಟಿ ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ ಅಂತ ಕೇಳಿದಾಗ ಎದ್ದು ಕಂಪ್ಯೂಟರ್ ವೈರ್ ಕಿತ್ತಿಟ್ಟು ಹೋದ.

"ನೋಡ್ರಿ ಕಾಕಾ, ಎದ್ದು ಹೋದ್ರು."

"ವೈರ್ ಕಿತ್ತಾನ, ಖರೆ. ಬಟನ್ ಒತ್ತಿ ಇಳದಿಲ್ಲಲ್ಲ?"

ಹುಲಕೋಟಿ ಪರೀಕ್ಷಾ

ಹುಲಕೋಟಿ ಕಡೆ ಒಂದು ಸಣ್ಣ ಸಂಘದಾವ್ರು, "ನಮ್ಮ ಮಂದಿ ತಾವಽ ಕಲೀತಾರಂದ್ರ ಎಲ್ಲಾ ಕಂಪ್ಯೂಟರಿಗೂ ಹಾಕ್ಕೋತೀವಿ, ಇಲ್ಲಂದ್ರ ಇಲ್ಲ" ಅಂದಿದ್ರು. ಹುಡುಗಿ ಎರಡು ವರ್ಷ ಕುಂತು ಮಾಡಿದ್ದು ಅವತ್ತು ಒಂದು ತಾಸಿನ್ಯಾಗ ತೀರ್ಮಾನ ಆಗಬೇಕು. ನಾನೂ ಆಕಿ ಜೋಡಿ ಸಂಘದ ಆಫೀಸಿಗೆ ಹೋಗಿದ್ದೆ.

ಹೊಂಬಳದ ಹೆಣ್ಮಗಳೊಬ್ಬಾಕಿ ಕಂಪ್ಯೂಟರ್ ಮುಂದ ಕುಂತ್ಲು. ಮೂರನೇ ಚೀಟಿಗೆ "ಆತ್ರಿ, ಚಾ ಆತು" ಅಂತ ಉತ್ತರಾನೂ ಕೊಟ್ಲು. ನಾನು ಮೀಸಿ ತಿರುವಿದೆ. ಒಂಬತ್ತನೇದಕ್ಕ, "ಯವ್ವಾ, ಇದು ನನ್ನ ಮನಿಗೆ ಬಿಡೂದು ಯಾವಾಗ?" ಅಂತ ಎದ್ದು ನಿಂತ್ಲು.

"ನಡುವ ಬಿಟ್ಟು ಹೋಗಾಕ ಬಟನ್ ಇಲ್ಲೇನವಾ?" ಅಂದ್ರು ಸಂಘದ ಸೆಕ್ರೆಟರಿ.

ಹುಡುಗಿ ಮಾರಿ ಸಣ್ಣದಾತು. ನಾನು ಎದ್ದೆ. "ಯಾಕ ಬೇಕ್ರಿ? ಜಿಲ್ಲಾ ಆದಾಗ ದೊಡ್ಡ ಸಾಹೇಬ್ರಽ ನನ್ನ ಟಾಂಗಾದಾಗ ಕಡೀತನಕ..."

ಬಾಗಲದಾಗ ಕುಂತಿದ್ದ ಮುದುಕ ವಾಚಮನ್ ನಕ್ಕ.

"ಲೇ ಟಾಂಗಾ, ಆ ಸಾಹೇಬ್ರ ಜವಾನ, ಪಟ್ಟೇವಾಲಾ, ನಾನಽ ಇದ್ನೆಲ್ಲೋ. ಟ್ರಂಕು ಹಿಡಕೊಂಡು ಹಿಂದ ಕುಂತಿದ್ದೆ. ಭೀಷ್ಮ ಕೆರಿ ತಿರುವಿನ್ಯಾಗ ನಿನ್ನ ಕುದುರಿ ಸಾವಕಾಶ ಆತು ನೋಡು, ನಾನೂ ಸಾಹೇಬ್ರೂ ಜಿಗದು ಓಡಿಬಿಟ್ವಿ. ನೀ ಹಿಂದ ತಿರುಗಿ ನೋಡಲಾರದ ಗುಡಿ ವರ್ಣನಾ ಮಾಡಕೋತ ಹೊಂಟಿದ್ದಿ."

ಮಂದಿ ನಗೂದು ನಿಲ್ಲೂದರಾಗ ಹುಡುಗಿ ಕಂಪ್ಯೂಟರ್ ತನ್ನ ಕಡೆ ಎಳಕೊಂಡು ಹತ್ತು ಚೀಟಿ ತೆಗದು, ಓದೂ ಬಟನ್ ತೋರಸೂ ಚೀಟಿ ಮೊದಲಿಗೆ ತಂದ್ಲು. ಉಳಿದ ನಾಲ್ಕರ ಕೆಳಗ 'ಇಳೀತೀನಿ' ಅಂತ ಬಟನ್ ಇಟ್ಲು. ಹೊಂಬಳದಾಕಿ ಮತ್ತ ಕುಂತ್ಲು, ಎರಡನೇ ಚೀಟಿಗೇ ಇಳದ್ಲು, ತಾನಽ ಓದೂ ಬಟನ್ ಒತ್ತಿ ಮಳಿ ಖಬರ ಕೇಳಿದ್ಲು. "ಆತವಾ, ಹಾಕ್ಕೋತೀವಿ" ಅಂದ್ರು ಸೆಕ್ರೆಟರಿ.

ಆಮ್ಯಾಲ ಎಲ್ಲಾರೂ ನನ್ನ ಕಡೆ ತಿರುಗಿದ್ರು. ವಾಚಮನ್ ಅಂತೂ ಕಣ್ಣು ಕೀಳಲಿಲ್ಲ. "ಹಂಗಾರ ಅವತ್ತು ಬೆಟಗೇರಿತನಕ ನೀ ಊರು ತೋರಿಸಿದ್ದು ಯಾರಿಗೆ?"

ನಾನು ಹೆಗಲು ಹಾರಿಸಿದೆ.

"ಅದಕ್ಕಽ ಆ ಕುದುರಿಗೆ ಊರು ಅಷ್ಟು ಚಂದ ಗೊತ್ತಿತ್ತು."