ಬೀರಪ್ಪ ಆರಿಸಿದ ಕೆಂಪು ಕಾರು

ಆರಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಗೋಕಾಕದಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಸಂತೆಯಲ್ಲಿ ಬದನೆಕಾಯಿ ರಾಶಿಯ ಮುಂದೆ ಕುಳಿತರೆ ಸಾಕು, ತೊಟ್ಟು ನೋಡಿ, ಹೆಬ್ಬೆರಳಿನಿಂದ ಒಂದು ಸಲ ಒತ್ತಿ, ಹುಳುಕು ಯಾವುದರಲ್ಲಿದೆ ಎಂದು ಹೇಳಿಬಿಡುತ್ತಿದ್ದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಮ್ಮ ಮನೆಗೆ ಹುಳುಕು ಬದನೆಕಾಯಿ ಬಂದಿಲ್ಲ, ಕಹಿ ಸೌತೆಕಾಯಿ ಬಂದಿಲ್ಲ. ಇಂಥವಳಿಗೆ ಒಂದು ಕಾರು ಆರಿಸುವುದು ಯಾವ ದೊಡ್ಡ ಮಾತು? ಕಾರಿಗೆ ಹುಳವೂ ಬೀಳುವುದಿಲ್ಲವಲ್ಲ!

ಕಾರಿನ ಮಾತು ಹುಟ್ಟಿದ್ದು ನಮ್ಮವರ ಸೊಂಟದಿಂದ. ನಮ್ಮವರು ಯಮಕನಮರಡಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ದಿನಾ ಗೋಕಾಕದಿಂದ ಮೋಟರ್ ಸೈಕಲ್ ಮೇಲೆ ಹೋಗಿ ಬರುವುದು. ಆ ರಸ್ತೆ, ಆ ತಗ್ಗು, ಆ ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಹದಿನೆಂಟು ವರ್ಷ ಸೇರಿ ಅವರ ಸೊಂಟದ ಮೇಲೆ ಕೆಲಸ ಮಾಡಿದ್ದವು. ಒಂದು ದಿನ ಬೆಳಗ್ಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದವರು ಮೇಲೆ ಏಳಲೇ ಇಲ್ಲ. ಬಗ್ಗಿದ್ದು ದೇವರ ಕೋಣೆಯ ಎದುರಿಗೆ. ಕೊನೆಗೂ ಇವರಿಗೆ ಭಕ್ತಿ ಬಂತಲ್ಲ ತಂದೆ ಎಂದು ನಾನು ಹಿಂದೆ ಕೈಮುಗಿದು ನಿಂತೆ.

"ಏ ಕಸ್ತೂರಿ, ನಿಂತು ಏನ ನೋಡಾಕತ್ತಿ? ಹಿಡಿ ನನ್ನ!" ಎಂದು ನೆಲ ನೋಡುತ್ತಲೇ ಕೂಗಿದಾಗ ಗೊತ್ತಾಯಿತು, ಅದು ನಮಸ್ಕಾರವಲ್ಲ.

ಡಾಕ್ಟರು ಫೋಟೋ ತೆಗೆಸಿ ನೋಡಿ ಕಟ್ಟುನಿಟ್ಟಾಗಿ ಹೇಳಿದರು: "ಮಾಸ್ತರ, ಮೋಟರ್ ಸೈಕಲ್ ಬಂದ್. ಬಸ್ಸಿನಾಗ ನಿಂತು ಹೋಗೂದೂ ಬ್ಯಾಡ. ಇನ್ನೊಂದ ಸಲ ಜೋರ ಕುಕ್ಕಿತಂದ್ರ ಆಪರೇಷನ್ನ ನೋಡ್ರಿ. ಮೆತ್ತಗ ಹೋಗೂವಂಥದ್ದು ಒಂದು ಸಣ್ಣ ಕಾರ ತಗೋರಿ."

ಆಪರೇಷನ್ ಎಂಬ ಮಾತು ಕೇಳಿದ್ದೇ, ಕಾರಿನಿಂದ ಹೋಗುವ ಕಂಟಕ ಇದು ಎಂದು ಅಲ್ಲೇ ನಮ್ಮ ದೇವರು ಬೀರಪ್ಪನನ್ನು ನೆನೆದೆ.

ನಮ್ಮವರು ಎರಡು ತಿಂಗಳು ಕಾರುಗಳನ್ನು ಅಭ್ಯಾಸ ಮಾಡಿದರು. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಗುಣ ಒಂದು ಕಡೆ, ಅವಗುಣ ಒಂದು ಕಡೆ ಬರೆದರು. ಹನ್ನೊಂದು ಕಾರುಗಳಿಗೂ ಗುಣ ಅವಗುಣ ಸರಿಸಮ ಬಂತು! ಕೊನೆಗೆ ನಮ್ಮ ಅತ್ತೆಗೆ ತಲೆ ಕೆಟ್ಟಿತು.

"ಸಾಕ ಮಾಡಪಾ ನಿನ್ನ ಗಣಿತಾ. ಕಸ್ತೂರಿ ಆರಸ್ಲಿ. ಬದನಿಕಾಯಿ ಚಂದ ಆರಸ್ತಾಳ," ಎಂದು ತೀರ್ಪು ಕೊಟ್ಟರು.

ಈ ತೀರ್ಪಿನಿಂದ ನನಗಾದ ಸಂತೋಷಕ್ಕೆ ಇನ್ನೊಂದು ಕಾರಣವಿತ್ತು. ಮೂರು ವರ್ಷದ ಹಿಂದೆ ಪಕ್ಕದ ಮನೆಯ ಸುನಂದಕ್ಕನ ಜೊತೆ ಡ್ರೈವಿಂಗ್ ಕ್ಲಾಸಿಗೆ ಹೋಗಿ ಲೈಸೆನ್ಸ್ ಮಾಡಿಸಿದ್ದೆ. ಓಡಿಸಲು ಕಾರು ಇರಲಿಲ್ಲವಾದ್ದರಿಂದ ಆ ಲೈಸೆನ್ಸು ದೇವರ ಕೋಣೆಯ ಡಬ್ಬಿಯಲ್ಲಿ ವಿಭೂತಿಯ ಕೆಳಗೆ ಮಲಗಿತ್ತು.

ಶೋರೂಮಿಗೆ ಹೋದೆವು. ನಮ್ಮ ಕೈಗೆ ಎಟುಕುವಂಥವು ಎರಡೇ ಇದ್ದವು. ಒಂದು ಬಿಳಿ. ಎತ್ತರಕ್ಕೆ, ಚೌಕಾಗಿ, ಬೇಕರಿಯ ಬ್ರೆಡ್ಡಿನಂತೆ ನಿಂತಿತ್ತು. ನಮ್ಮವರು ಅದರೊಳಗೆ ಕುಳಿತು ಎದ್ದು, ಒಂದು ಸುತ್ತು ಹೊಡೆದು ಬಂದು, "ಟೊಂಕಕ್ಕ ಇದು ಆರಾಮ ಐತಿ," ಎಂದರು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಇನ್ನೊಂದು ಕಾರು ಮೂಲೆಯಲ್ಲಿ ನಿಂತಿತ್ತು. ಕೆಂಪು! ದಾಸವಾಳದ ಕೆಂಪು. ನೆಲಕ್ಕೆ ತಗ್ಗಾಗಿ, ಮೈಮೇಲೆ ಎರಡು ಕರಿ ಪಟ್ಟಿ, ಹಿಂದೆ ಸಣ್ಣದೊಂದು ರೆಕ್ಕೆ, ಕೆಳಗೆ ಜೋಡಿ ಸೈಲೆನ್ಸರು. ನಾನು ಜೀವನದಲ್ಲಿ ಇನ್ನೊಬ್ಬರ ಸೀರೆಗೆ ಆಸೆಪಟ್ಟವಳಲ್ಲ, ಬಂಗಾರಕ್ಕೆ ಆಸೆಪಟ್ಟವಳಲ್ಲ. ಅಷ್ಟು ವರ್ಷ ತಡೆದಿಟ್ಟ ಆಸೆಯೆಲ್ಲ ಒಟ್ಟಿಗೆ ಬಂದು ಆ ರೆಕ್ಕೆಯ ಮೇಲೆ ಕುಳಿತಿತು.

"ಮೇಡಮ್ಮಾರ, ಇದು ಸ್ಪೋರ್ಟಿ ಮಾಡೆಲ್ ರೀ," ಎಂದ ಶೋರೂಮಿನವ. "ಸಸ್ಪೆನ್ಶನ್ ಸ್ವಲ್ಪ ಟೈಟ್ ಇರ್ತೈತ್ರಿ. ರಸ್ತಾ ಗಟ್ಟಿ ಹಿಡಕೊಂಡ ಓಡತೈತಿ. ಕಣ್ಣ ಮುಚ್ಚಿ ತೆಗಿಯೂದ್ರಾಗ ನೂರರ ಸ್ಪೀಡ್ ಮುಟ್ಟತೈತ್ರಿ!"

ಗಟ್ಟಿ ಎಂದರೆ ಬಾಳಿಕೆ ಎಂದು ನಾನು ತಿಳಿದೆ. ಪಾತ್ರೆ ಕೊಳ್ಳುವಾಗ ನಾವು ನೋಡುವುದು ಅದನ್ನೇ ತಾನೆ? ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒಳಗೆ ಹೋಗಲಿಲ್ಲ. ಎಳೆಯ ಬದನೆಕಾಯಿಯ ಲಕ್ಷಣ! ಶೋರೂಮಿನ ಮುಂದೆ ಆಗತಾನೇ ಡಾಂಬರು ಹಾಕಿದ ರಸ್ತೆಯಿತ್ತು. ಆ ಎರಡು ಫರ್ಲಾಂಗಿನಲ್ಲಿ ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು.

ಮನೆಗೆ ಬಂದು ವಾದ ಶುರುವಾಯಿತು. ಅವರಿಗೆ ಬಿಳಿ, ನನಗೆ ಕೆಂಪು. "ದಿನಾ ಓಡಾಡಾಂವ ನಾನೋ ನೀನೋ?" ಎಂದರು. ಮಾತು ಬಿಗಿಯುವ ಹೊತ್ತಿಗೆ ನಾನೇ ಹೇಳಿದೆ: "ಜಗಳ ಯಾಕ್ರಿ? ದೇವರಿಗೆ ಹೂ ಹಚ್ಚಿ ಕೇಳೂಣು."

ನಮ್ಮ ಕಡೆ ಮನಸ್ಸು ಎರಡಾದಾಗ ಹೀಗೆ ಕೇಳುವುದುಂಟು. ಹೂವಿನ ಎರಡು ಎಸಳು ನೀರಲ್ಲಿ ಅದ್ದಿ, ದೇವರ ಬಲಕ್ಕೊಂದು ಎಡಕ್ಕೊಂದು ಹಚ್ಚಬೇಕು. ಮೊದಲು ಬಿದ್ದ ಎಸಳೇ ದೇವರ ಮಾತು. ಭಾನುವಾರ ಸ್ನಾನ ಮಾಡಿ, ಬೀರಪ್ಪನ ಹಿತ್ತಾಳೆ ಮೂರ್ತಿಗೆ ಸೇವಂತಿಗೆಯ ಎಸಳು ಹಚ್ಚಿದೆ. ಬಲಕ್ಕೆ ಬಿದ್ದರೆ ಕೆಂಪು, ಎಡಕ್ಕೆ ಬಿದ್ದರೆ ಬಿಳಿ. ನಮ್ಮವರು ಬಾಗಿಲಲ್ಲಿ ನಿಂತು, "ಎರಡರಾಗ ಒಂದು. ಅರ್ಧಕ್ಕರ್ಧ ಸಂಭವ," ಎಂದರು.

ಇಲ್ಲಿ ಒಂದು ಸಂಗತಿಯನ್ನು ಓದುಗರ ಗಮನಕ್ಕೆ ಸವಿನಯವಾಗಿ ತರಬೇಕಾಗಿದೆ. ಬಲಗಡೆಯ ಎಸಳಿಗೆ ನೀರು ತುಸು ಕಡಿಮೆಯಾಗಿತ್ತು. ಎಡಗಡೆಯ ಎಸಳಿನ ಕೆಳಗೆ ತೇಯ್ದ ಗಂಧ ತುಸು ಸೇರಿಕೊಂಡಿತ್ತು. ಗಂಧ ತಾನಾಗಿಯೇ ನಡೆದು ಬರಲಿಲ್ಲ.

ಕೆಂಪಿನ ಎಸಳು ನಾನು ಪ್ರಶ್ನೆ ಮುಗಿಸುವ ಮೊದಲೇ ಬಿತ್ತು!

"ನೋಡ್ರಿ, ದೇವರಿಗೂ ಗಡಿಬಿಡಿ ಐತಿ," ಎಂದೆ. ನಮ್ಮವರಿಗೆ ಭಕ್ತಿ ಕಡಿಮೆಯಾದರೂ ದೇವರ ಮಾತಿಗೆ ಎದುರಾಡುವವರಲ್ಲ. ಸುಮ್ಮನೆ ಹೋಗಿ ಹಾಳೆ ಹರಿದರು. ಅತ್ತೆ ಮಾತ್ರ ಮೂರ್ತಿಯನ್ನು ಒಂದು ಗಳಿಗೆ ನೋಡಿ, ನನ್ನನ್ನು ಒಂದು ಗಳಿಗೆ ನೋಡಿ, ಜಪಮಣಿ ಎತ್ತಿಕೊಂಡರು.

ಕಾರು ಬಂದ ಮರುದಿನವೇ ಪೂಜೆಗೆ ಕುಲಗೋಡಕ್ಕೆ ಹೊರಟೆವು. ಅದು ಅತ್ತೆಯ ತವರು. ಬೀರಪ್ಪನ ಗುಡಿಯೂ ಅಲ್ಲೇ ಇದೆ. ಊರು ದಾಟಿ ಮೊದಲ ತಗ್ಗು ಬಂತು. ಕಾರು ರಸ್ತೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಎಂದು ಶೋರೂಮಿನವ ಹೇಳಿದ್ದ. ಖರೆ. ತಗ್ಗನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದುಕೊಂಡಿತು! ಹಿಂದೆ ಕುಳಿತ ನನ್ನ ತಲೆ ಮೇಲಕ್ಕೆ ಬಡಿಯಿತು. ಮುಂದೆ ಅತ್ತೆಯ ಬಾಯಿಂದ ಎಲೆಅಡಿಕೆ ಹಾರಿತು.

"ಯಾಕೋ ಭಾಳ ಬಿರುಸ ಅನಸಾಕತ್ತೈತಿ," ಎಂದರು ಕಾರು ಓಡಿಸುತ್ತಿದ್ದ ನಮ್ಮವರು, ಒಂದು ಕೈ ಸೊಂಟದ ಮೇಲಿಟ್ಟು.

"ಹೊಸಾದು ಹಂಗ ಇರ್ತೈತ್ರಿ. ಹೊಸ ಚಪ್ಪಲಿ ಕಡಿಯೂದಿಲ್ಲೇನು?" ಎಂದೆ.

ರಸ್ತೆಯ ಒಂದೊಂದು ಉಬ್ಬಿಗೂ ಕಾರಿನ ಹೊಟ್ಟೆ ತಾಗಿ ಕರ್‍ರ್ ಎನ್ನುತ್ತಿತ್ತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೂರು ಮುಟ್ಟುವ ಕಾರು ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ, ದನ ಮೇಯಿಸಲು ಹೋದಂತೆ ಹೋಯಿತು. ಕಣ್ಣು ಮುಚ್ಚಿ ತೆಗೆದೆ. ಅಷ್ಟೇ ಏಕೆ, ಒಂದು ನಿದ್ದೆಯೂ ಆಯಿತು. ಆಮೇಲೂ ಅದೇ ಕಬ್ಬು.

ಕುಲಗೋಡದಲ್ಲಿ ಅತ್ತೆಗೆ ಇಳಿಯಲು ಬರಲಿಲ್ಲ. ಸೀಟು ಅಷ್ಟು ತಗ್ಗು. ಅವರ ಇಬ್ಬರು ತಮ್ಮಂದಿರು ಬಂದು ಎರಡು ಕೈ ಹಿಡಿದು, ಬಾವಿಯಿಂದ ಕೊಡ ಸೇದಿದಂತೆ ಮೇಲಕ್ಕೆ ಸೇದಿದರು.

"ಅಕ್ಕಾ, ಇದು ಕಾರೋ ಹಗೇವೋ?" ಎಂದ ದೊಡ್ಡ ತಮ್ಮ. ಹಗೇವು ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ.

ಪೂಜೆ ಸಾಂಗವಾಯಿತು. ಬೀರಪ್ಪನ ಪೂಜೆ ಎಂದ ಮೇಲೆ ಭಂಡಾರ, ಅಂದರೆ ಅರಿಶಿನದ ಪುಡಿ, ಹಾರಲೇಬೇಕು. ಆ ಇಬ್ಬರು ಮಾವಂದಿರು ಪ್ರೀತಿಯಿಂದ ಚೀಲಗಟ್ಟಲೆ ತಂದಿದ್ದರು. ಹೊರಗೆ ತೂರಿದರು. ಒಳಗೆ ತೂರಿದರು. ಕೊನೆಗೆ ದೊಡ್ಡ ಮಾವ ಮುಂದಿನ ಗಾಳಿಯ ಜಾಲರಿ ನೋಡಿ, "ಇಲ್ಲಿಂದ ಥಂಡಿ ಗಾಳಿ ಬರ್ತೈತಲಾ? ಇಲ್ಲೂ ಒಂದಿಷ್ಟ ದೇವರು ಇರ್ಲಿ," ಎಂದು ಎರಡು ಬೊಗಸೆ ಒಳಗೆ ಸುರಿದರು. ನಾನು ಭಕ್ತಿಯಿಂದ ಕಣ್ಣು ಮುಚ್ಚಿದ್ದೆ. ತೆರೆದಿದ್ದರೆ ಒಳ್ಳೆಯದಿತ್ತು.

ಸೋಮವಾರ ನಮ್ಮವರು ಬಿಳಿ ಅಂಗಿ ಹಾಕಿಕೊಂಡು ಯಮಕನಮರಡಿಗೆ ಹೊರಟರು. ದಾರಿಯಲ್ಲಿ ಬಿಸಿಲೇರಿತು. ಎಸಿ ಹಚ್ಚಿದರು. ಬೀರಪ್ಪ ಜಾಲರಿಯಿಂದ ಹೊರಬಂದ! ಗಾಜು ಹಳದಿ, ಅಂಗಿ ಹಳದಿ, ಕನ್ನಡಕ ಹಳದಿ. ಕಣ್ಣು ಕಾಣದೆ ರಸ್ತೆಯಲ್ಲಿದ್ದ ತಗ್ಗೆಲ್ಲವನ್ನೂ ಒಂದೂ ಬಿಡದೆ ಇಳಿದು ಹತ್ತಿ, ಶಾಲೆಯ ಮುಂದೆ ಕಾರು ನಿಲ್ಲಿಸಿ, ಬಗ್ಗಿದವರು ಬಗ್ಗಿದಂತೆಯೇ ಹೊರಗೆ ಬಂದರಂತೆ.

"ಏನ್ರಿ ಮಾಸ್ತರ, ಮತ್ತೊಮ್ಮೆ ಅರಿಶಿನ ಹಚ್ಚಿಸಿಕೊಂಡ್ರೇನು? ವೈನಿಗೆ ಗೊತ್ತೈತೇನ್ರಿ?" ಎಂದು ಹೆಡ್‌ಮಾಸ್ತರರು ಕೇಳಿದರಂತೆ. ವೈನಿ ಎಂದರೆ ಅತ್ತಿಗೆ, ಅಂದರೆ ನಾನು.

ಮಧ್ಯಾಹ್ನ ಇಬ್ಬರು ಮಾಸ್ತರುಗಳು ಬೇರೆ ಗಾಡಿಯಲ್ಲಿ ಮಲಗಿಸಿಕೊಂಡು ಬಂದು ಮನೆಗೆ ಬಿಟ್ಟರು. ಕೆಂಪು ಕಾರು ಹಿಂದೆ ಬಂತು. ಡಾಕ್ಟರು ನೋಡಿ ತಲೆಯಾಡಿಸಿದರು: "ಹದಿನೈದ ದಿನ ಹಲಗಿ ಮ್ಯಾಲ ಮಲಗ್ಸ್ರಿ. ನೋವ ಇಳೀಲಿಲ್ಲಂದ್ರ ಆಪರೇಷನ್ ತಾರೀಖ ಹಾಕೂಣು."

ಹಲಗೆಯ ಮೇಲೆ ಮಲಗಿ, ಕಿವಿಯ ಹಿಂದೆ ಇನ್ನೂ ಅರಿಶಿನ ಅಂಟಿಸಿಕೊಂಡು, ನಮ್ಮವರು ಮೇಲೆ ನೋಡುತ್ತಾ ಹೇಳಿದರು: "ಇರ್ಲಿ ಬಿಡ ಕಸ್ತೂರಿ. ದೇವರ ಕೊಟ್ಟದ್ದು. ನಾವೇನ ಮಾಡಾಕ ಬರ್ತೈತಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಕುಳಿತು, ಗಂಧದ ಕಥೆಯೆಲ್ಲ ಹೇಳಿ ಕಣ್ಣೀರು ಹಾಕಿದೆ.

ಅತ್ತೆ ಮೆಂತ್ಯಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ ತಗೀ. ಆ ಎಡದ ಎಸಳ ಮರದಿನಾ ನಾನ ಉಗರಲೇ ಕೆರದ ತಗದೇನಿ. ಹಪ್ಪಳದಂಗ ಹತ್ತಿತ್ತು."

"ಮತ್ತ ಅವತ್ತ ಯಾಕ ಹೇಳಲಿಲ್ಲರಿ ಅತ್ತಿ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನಗೂ ಆ ಕೆಂಪ ಕಾರ ಮನಸಿಗೆ ಬಂದಿತ್ತ ಬೇ."

ನಾನು ಅಳುವುದನ್ನು ಮರೆತೆ.

"ಮತ್ತ ಕೇಳು," ಎಂದರು ಮತ್ತೆ ದನಿ ಏರಿಸಿ. "ಇಷ್ಟ ದಿನಾ ಬದನಿಕಾಯಿ ಯಾಕ ಬರೋಬರಿ ಬರ್ತಿದ್ವು ಹೇಳು? ಅದಕ್ಕ ನೀ ಹೂ ಹಚ್ಚಿ ಕೇಳತಿದ್ದಿಲ್ಲ. ನಡಿ, ಹೋಗಿ ಗಂಡಗ ಖರೆ ಹೇಳು."

ಹೇಳಿದೆ. ನಮ್ಮವರು ಬೆರಳು ಮಡಚಿ ಏನೋ ಲೆಕ್ಕ ಹಾಕಿ, "ಹಂಗಾರ ಅರ್ಧಕ್ಕರ್ಧ ಇದ್ದಿಲ್ಲ?" ಎಂದರು. ಕಾರಿಗಿಂತ, ಸೊಂಟಕ್ಕಿಂತ, ಗಣಿತಕ್ಕಾದ ಅನ್ಯಾಯ ಅವರಿಗೆ ಹೆಚ್ಚು ನೋವು ಕೊಟ್ಟಂತಿತ್ತು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಹಲಗೆಯ ಮೇಲಿದ್ದುದರಿಂದ ಎದ್ದು ಹೋಗಲೂ ಆಗಲಿಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಹದಿನೈದು ದಿನ ಎಣ್ಣೆ ತಿಕ್ಕಿದೆ, ಬಿಸಿನೀರಿನ ಚೀಲ ಇಟ್ಟೆ, ಸೋಮವಾರ ಉಪವಾಸ ಮಾಡಿದೆ. ಬೀರಪ್ಪನಿಗೆ ಹೂ ಏರಿಸಿದೆ, ಏನೂ ಕೇಳಲಿಲ್ಲ. ಕೇಳುವ ಮುಖ ಉಳಿದಿರಲಿಲ್ಲ. ಹದಿನಾರನೆಯ ದಿನ ಡಾಕ್ಟರು ಒತ್ತಿ ನೋಡಿ, "ಪಾರಾದ್ರಿ ಮಾಸ್ತರ. ತಾರೀಖ ಬ್ಯಾಡ. ಆದರ ಆ ಕೆಂಪ ಗಾಡ್ಯಾಗ ದೂರ ಹೋಗಬ್ಯಾಡ್ರಿ. ಅದಕ್ಕಿಂತ ಬಸ್ಸಿನ ಮುಂದಿನ ಸೀಟ ಮೆತ್ತಗ ಇರ್ತೈತಿ. ಕುಂತ ಹೋಗ್ರಿ, ನಿಂತಲ್ಲ," ಎಂದರು.

ಶೋರೂಮಿನವರು ಕಾರು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ನಮ್ಮ ಮನೆ ಊರಿನ ಒಂದು ತುದಿಗೆ, ಬಸ್ ಸ್ಟ್ಯಾಂಡ್ ಇನ್ನೊಂದು ತುದಿಗೆ. ನಡೆದು ಹೋಗುವಷ್ಟರಲ್ಲಿ ಮುಂದಿನ ಸೀಟಿಗೆ ಯಾರೋ ಟವೆಲ್ ಹಾಕಿರುತ್ತಾರೆ. ಆದ್ದರಿಂದ ವಿಭೂತಿಯ ಕೆಳಗಿಂದ ನನ್ನ ಲೈಸೆನ್ಸು ಎದ್ದು ಬಂತು.

ಈಗ ದಿನಾ ಬೆಳಗ್ಗೆ ನಮ್ಮವರನ್ನು ಹಿಂದಿನ ಸೀಟಿನಲ್ಲಿ ಎರಡು ಕೌದಿಯ ಮೇಲೆ ಕುಳ್ಳಿರಿಸಿ, ತಗ್ಗು ತಪ್ಪಿಸಿ, ಸೈಕಲ್ಲಿನವರಿಗೂ ದಾರಿ ಬಿಟ್ಟು, ಬಸ್ ಸ್ಟ್ಯಾಂಡಿಗೆ ಒಯ್ಯುತ್ತೇನೆ. ಯಮಕನಮರಡಿ ಬಸ್ಸು ಬಂದು ನಿಲ್ಲುವ ಮೊದಲೇ ರೆಕ್ಕೆಯ ಕಾರಿನಿಂದ ಇಳಿದು ಓಡುತ್ತೇನೆ. ಬಸ್ಸಿನ ಜೊತೆಗೇ ಓಡಿ, ಮುಂದಿನ ಕಿಟಕಿಯೊಳಗೆ ಟವೆಲ್ ಎಸೆಯುತ್ತೇನೆ. ಒಂದು ದಿನವೂ ಗುರಿ ತಪ್ಪಿಲ್ಲ!

ಮೊನ್ನೆ ಸುನಂದಕ್ಕ ಅಲ್ಲೇ ಹುಕ್ಕೇರಿ ಬಸ್ಸಿಗೆ ನಿಂತಿದ್ದಳು. ಎಲ್ಲ ನೋಡಿ, "ಅಯ್ಯ ವೈನಿ, ಇಷ್ಟ ಚಂದ ಕಾರ ತಗೊಂಡದ್ದು ಬಸ್ಸಿಗೆ ಟವೆಲ್ ಒಗ್ಯಾಕೇನು?" ಎಂದಳು.

ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತಿದ್ದ ನಮ್ಮವರು ಕಿಟಕಿಯಿಂದ ಬಗ್ಗಿ, ಅಂದರೆ ನೋವಿಲ್ಲದೆ ಬಗ್ಗಿ, ನಕ್ಕರು. "ಕಾರ ಛಲೋ ಐತ್ರಿ ಸುನಂದಾ ಬಾಯಿ. ಬಸ್ ಸ್ಟ್ಯಾಂಡಿಗೆ ಇದರಷ್ಟ ಲಗೂ ಯಾವದೂ ಮುಟ್ಟೂದಿಲ್ಲ."

ಬಸ್ಸು ಹೋಯಿತು. ನಾನು ಗಂಭೀರವಾಗಿ ಕಾರಿನಲ್ಲಿ ಕುಳಿತು, ಸುನಂದಕ್ಕ ನೋಡುತ್ತಿದ್ದಾಳೆಂದು ಗಾಜು ಏರಿಸಿ, ಸೆರಗು ಸರಿಮಾಡಿಕೊಂಡು, ಠೀವಿಯಿಂದ ಎಸಿ ಹಚ್ಚಿದೆ. ಎರಡು ಸಲ ತೊಳೆಸಿದರೂ ಜಾಲರಿಯ ಆಳದಲ್ಲಿ ಉಳಿದಿದ್ದ ಕೊನೆಯ ಬೊಗಸೆ ಭಂಡಾರ ಭುಸ್ ಎಂದು ನನ್ನ ಮುಖಕ್ಕೆ ಬಂತು.

ನಾನು ಪ್ರಶ್ನೆ ಮುಗಿಸುವ ಮೊದಲೇ ಎಸಳು ಬೀಳಿಸಿಕೊಂಡಿದ್ದೆನಲ್ಲ, ಬೀರಪ್ಪನ ಖರೆ ಉತ್ತರ ಇದು. ಕಣ್ಣು ಉಜ್ಜಿಕೊಂಡು ಕೈಮುಗಿದೆ. ಸ್ಟೇರಿಂಗ್ ಬಿಟ್ಟು ಎರಡೂ ಕೈ ಮುಗಿದೆ. ದೇವರ ದಯೆ, ಕಾರು ಶುರುವಾಗಿದ್ದರೂ ಇನ್ನೂ ನಿಂತೇ ಇತ್ತು.